ಮೊದ್ಲು ಸಿಪಿಯು ತಗೊಂಡ್ ಬನ್ನಿ ಸಾರ್

ದುಡ್ಡು ಕೈಯಲ್ಲಿ ಹಿಡಿದು ನಿಂತ ಗಿರಾಕಿಗೆ "ಬೇಡ ಸಾರ್, ಇದು ನಿಮ್ಮ ಸಿಸ್ಟಮ್‌ಗೆ ಆಗಲ್ಲ" ಅಂತ ಹೇಳುವ ಅಂಗಡಿಯವರನ್ನು ನೋಡಿ ಬಹಳ ಕಾಲವಾಗಿತ್ತು. ಈ ಸಲ ರಜೆಗೆ ತುಮಕೂರಿಗೆ ಬಂದಾಗ, ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರದ ಪುಟ್ಟ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಆ ಮಾತು ಕೇಳಿದೆ. ಖುಷಿಯಾಯ್ತು. ನಾನಿರುವ ಮ್ಯೂನಿಕ್‌ನಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ಹೇಳಿದ್ದಿಲ್ಲವಲ್ಲ ಅಂತ ಸ್ವಲ್ಪ ಸಂಕಟವೂ ಆಯ್ತು.

ಅಕ್ಕನ ಮಗನ ಡೆಸ್ಕ್‌ಟಾಪ್ ವಿಷಯ ಇದು. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಷಿನ್, ಮೊದಲು ಯಾವುದೋ ಆಫೀಸಿನಲ್ಲಿ ಇದ್ದದ್ದು. ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್, ಅಂದರೆ 2013ರ ಕಾಲದ್ದು. ಹುಡುಗ ಇಂಜಿನಿಯರಿಂಗ್ ಓದುತ್ತಾ ಬ್ಲೆಂಡರ್ ಅನ್ನೋ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ. ರಾತ್ರಿ ರೆಂಡರ್‌ಗೆ, ಅಂದರೆ ಕೊನೆಯ ಚಿತ್ರ ತಯಾರಾಗಲು, ಹಾಕಿ ಮಲಗಿದರೆ ಬೆಳಗ್ಗೆ ಏಳುವಾಗಲೂ ಮುಗಿದಿರುವುದಿಲ್ಲ. "ಮಾಮ, ಒಂದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೆ ಸಾಕು" ಅಂದ. ಸರಿ ಬಾ ಅಂತ ಹೊರಟೆವು.

"ಕಾರ್ಡ್ ಇದೆ ಸಾರ್. ಆದ್ರೆ ಮೊದ್ಲು ಸಿಪಿಯು ತಗೊಂಡ್ ಬನ್ನಿ. ಒಳಗಡೆ ನೋಡ್ದೆ ನಾನು ಕೊಡಲ್ಲ" ಅಂದರು ಅಂಗಡಿಯವರು. ಮನೆ ಅಲ್ಲೇ ಎಸ್.ಎಸ್. ಪುರಂನಲ್ಲಿ. ಹುಡುಗ ಸ್ಕೂಟರ್ ಮುಂದೆ ಇಟ್ಟುಕೊಂಡು ತಂದ.

ಪಕ್ಕದ ಬಾಗಿಲು ತೆಗೆದರೆ ಒಳಗೆಲ್ಲ ಧೂಳು, ಫ್ಯಾನಿನ ಸಂದಿಯಲ್ಲಿ ಹತ್ತಿ ತುಂಬಿದ ಹಾಗೆ. ಅವರು ಅದನ್ನು ಫುಟ್‌ಪಾತಿಗೆ ಒಯ್ದು ಬ್ಲೋವರ್ ಹಿಡಿದರು. ಒಳಗೆ ತಂದು, ಮೊಬೈಲ್ ಟಾರ್ಚ್ ಹಾಕಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ) ಮೇಲಿನ ಲೇಬಲ್ ಓದಿದರು. 300 ವ್ಯಾಟ್. ಕಾರ್ಡಿಗೆ ಕರೆಂಟ್ ಕೊಡುವ ಎಂಟು ಪಿನ್ನಿನ ವೈರು ಅದರಲ್ಲಿ ಇಲ್ಲವೇ ಇಲ್ಲ. 3060ಗೆ 170 ವ್ಯಾಟ್ ಬೇಕು. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಕೊಡೋದು ಹೆಚ್ಚೆಂದರೆ 75. ಉಳಿದದ್ದು ಆ ವೈರಿನಿಂದಲೇ ಬರಬೇಕು.

"ಕನ್ವರ್ಟರ್ ಪಿನ್ ಹಾಕಿ ಓಡಿಸಿ ಕೊಡೋರು ಇದ್ದಾರೆ ಸಾರ್. ಓಡುತ್ತೆ. ಆದ್ರೆ ಒಂದಿನ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರ್ಕೊಂಡು ಹೋಗುತ್ತೆ. ನಾನಂತೂ ಹಾಕಲ್ಲ."

ಎಸ್‌ಎಂಪಿಎಸ್ಸೇ ಬದಲಾಯಿಸಿದರೆ ಅಂತ ಕೇಳಿದೆ. ಬೋರ್ಡಿಗೆ ಹೋಗುವ ಪಿನ್ ತೋರಿಸಿದರು. ಮಾಮೂಲಿ ಬೋರ್ಡಿನಲ್ಲಿ 24 ಪಿನ್ ಇರುತ್ತೆ. ಇದು ಆಫೀಸ್ ಮಷಿನ್, ಕಂಪನಿಯವರು ತಮ್ಮದೇ ಬೇರೆ ಪಿನ್ ಇಟ್ಟಿದ್ದಾರೆ. ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ನೇರವಾಗಿ ಕೂರಲ್ಲ. ಆಮೇಲೆ ಟೇಪ್ ತಂದು ಸ್ಲಾಟಿನಿಂದ ಹಾರ್ಡ್‌ಡಿಸ್ಕ್ ಗೂಡಿನ ತನಕ ಅಳೆದರು. ಎರಡು ಫ್ಯಾನಿನ ಉದ್ದನೆ ಕಾರ್ಡು ಅಲ್ಲೇ ಹೋಗಿ ತಾಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮನೇಲಿ ಯುಪಿಎಸ್ ಎಷ್ಟು ವಿಎ?" ಅಂದರು. 600, ಅಂದರೆ ಚಿಕ್ಕದು. "ಹಂಗಾದ್ರೆ ಕರೆಂಟ್ ಹೋದ ತಕ್ಷಣ ಸೇವ್ ಮಾಡಿ ಆಫ್ ಮಾಡ್ಬೇಕು ಮಗಾ, ರೆಂಡರ್ ಮುಗೀಲಿ ಅಂತ ಕಾಯಬೇಡ." ಮಾನಿಟರ್ ಹಿಂದೆ ಯಾವ ಪಿನ್ ಇದೆ ಅಂತ ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಂಡೆವು. ಬರೀ ವಿಜಿಎ, ಹಳೇ ಕಾಲದ ಪಿನ್ನು. ಈಗಿನ ಕಾರ್ಡುಗಳಲ್ಲಿ ವಿಜಿಎ ಇರಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಅಷ್ಟೇ. ಹಾಗೇ ಕಾರ್ಡ್ ಹಿಡಿದು ಮನೆಗೆ ಹೋಗಿದ್ದರೆ ಸಂಜೆ ಕನ್ವರ್ಟರ್‌ಗೆ ಮತ್ತೆ ಓಡಿ ಬರಬೇಕಿತ್ತು.

ಕೊನೆಗೆ ಹಾಕಿದ್ದು ಆರ್‌ಟಿಎಕ್ಸ್ 3050, 6 ಜಿಬಿಯದು. 2024ರಲ್ಲಿ ಬಂದದ್ದು, 70 ವ್ಯಾಟ್, ಬೇರೆ ವೈರು ಬೇಡ. ಒಂದೇ ಫ್ಯಾನಿನ ಗಿಡ್ಡ ಕಾರ್ಡ್. ನಾವು ಕೊಡಲು ಹೊರಟಿದ್ದಕ್ಕಿಂತ ಸಾವಿರಾರು ರೂಪಾಯಿ ಕಮ್ಮಿ. ಹುಡುಗನ ಮುಖ ಸಪ್ಪಗಾಯ್ತು. 3060ರಲ್ಲಿ 12 ಜಿಬಿ ಮೆಮೊರಿ ಸಿಗುತ್ತಿತ್ತು, ಇಲ್ಲಿ ಅದರರ್ಧ. ಅದಿನ್ನೂ ಅಗ್ಗವಾಗಲಿ ಅಂತ ನಾನು ಶೋಕೇಸಿನಲ್ಲಿದ್ದ ಹಳೇ 1050 ಟಿಐ ತೋರಿಸಿದೆ. ಅದಕ್ಕೂ ಬೇಡ ಅಂದರು. ಆ ತಲೆಮಾರಿನ ಕಾರ್ಡುಗಳಿಗೆ ಅದರ ಕಂಪನಿ ಎನ್‌ವಿಡಿಯಾ 2025ರ ಅಕ್ಟೋಬರ್‌ಗೇ ಹೊಸ ಡ್ರೈವರ್ (ಕಾರ್ಡ್ ಓಡಿಸುವ ಸಾಫ್ಟ್‌ವೇರ್) ನಿಲ್ಲಿಸಿದೆ, ಇನ್ನು 2028ರ ತನಕ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. "ಸಿಸ್ಟಮ್ ಹಳೇದು, ಆಗ್ಲಿ. ಕಾರ್ಡ್ ಹೊಸದಿದ್ರೆ ನಾಳೆ ಬೇರೆ ಕ್ಯಾಬಿನೆಟ್‌ಗೂ ಆಗುತ್ತೆ" ಅಂದರು. ಕಾರ್ಡ್ ಒತ್ತಿ, ಲಾಕ್ ಟಕ್ ಅಂದ ಮೇಲೆ ಸ್ಕ್ರೂ ಹಾಕಿದರು. ಬೋರ್ಡಿನ ಹಳೇ ವಿಜಿಎ ಪೋರ್ಟಿನ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿದರು. ಮನೆಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಕೇಬಲ್ ಅಲ್ಲಿಗೇ ಚುಚ್ಚಿ "ಡಿಸ್‌ಪ್ಲೇ ಬರ್ತಿಲ್ಲ" ಅಂತ ಫೋನ್ ಮಾಡಬಾರದು ಅಂತ.

ಆ ತುಂಡು ಟೇಪಿನಷ್ಟು ಕಾಳಜಿ ನನಗೆ ಮ್ಯೂನಿಕ್‌ನ ದೊಡ್ಡ ಅಂಗಡಿಯಲ್ಲಿ ಸಿಕ್ಕಿಲ್ಲ. ಅಲ್ಲಿ ಗೋಡೆ ತುಂಬ ಕಾರ್ಡುಗಳು. ಮಾತಾಡಿಸಿದರೆ ಮರ್ಯಾದೆಯಿಂದಲೇ ಮಾತಾಡುತ್ತಾರೆ. ಆದರೆ ನನ್ನ ಹಳೇ ಡೆಸ್ಕ್‌ಟಾಪಿಗೆ ಯಾವುದು ಆಗುತ್ತೆ ಅಂತ ಕೇಳಿದರೆ, ವೆಬ್‌ಸೈಟ್ ನೋಡಿ ಅನ್ನುತ್ತಾರೆ. ಮಷಿನ್ ತಂದು ತೋರಿಸಬೇಕೆಂದರೆ ಸರ್ವಿಸ್ ಕೌಂಟರ್, ಅಪಾಯಿಂಟ್‌ಮೆಂಟ್, ಬರೀ ಬಿಚ್ಚಿ ನೋಡೋದಕ್ಕೇ ಚಾರ್ಜು. ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಗೆಳೆಯ ಆನ್‌ಲೈನ್‌ನಲ್ಲಿ ಒಂದು ಕಾರ್ಡ್ ತರಿಸಿದ. ಕ್ಯಾಬಿನೆಟ್‌ನಲ್ಲಿ ಹಿಡಿಸಲಿಲ್ಲ, ವಾಪಸ್ ಕಳಿಸಿದ. ಇನ್ನೊಂದು ತರಿಸಿದ. ಅದಕ್ಕೆ ಬೇಕಾದ ವೈರು ಅವನ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ, ಮತ್ತೆ ವಾಪಸ್. ಅವನಿಗೇನೂ ಬೇಜಾರಿಲ್ಲ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕು ಅಲ್ಲಿ ಕಾನೂನೇ ಕೊಟ್ಟಿದೆ. ಹೀಗಾಗಿ ಕೊಳ್ಳುವ ಮುಂಚೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ತಪ್ಪಾದರೆ ಡಬ್ಬಿ ಮತ್ತೆ ಲಾರಿ ಹತ್ತುತ್ತದೆ.

ತುಮಕೂರಿನಲ್ಲಿ ವಾಪಸ್ ಅನ್ನೋ ದಾರಿ ಇಲ್ಲದ್ದರಿಂದಲೇ ಮೊದಲೇ ಬಿಚ್ಚಿ ನೋಡುತ್ತಾರೆ ಅಂತ ನನ್ನ ಅಕ್ಕ ವಾದ ಮಾಡಿದಳು. ಇರಬಹುದು. ಆದರೆ ಇನ್ನೊಂದು ಕಾರಣವೂ ಇದೆ. ಆ ಅಂಗಡಿಯವರು ನಾಳೆಯೂ ನಮ್ಮ ಮುಖ ನೋಡಬೇಕು. ಒಬ್ಬ ಹುಡುಗನ ಸಿಸ್ಟಮ್ ಸುಟ್ಟರೆ ಸಂಜೆಯೊಳಗೆ ಇಡೀ ಹಾಸ್ಟೆಲ್‌ಗೆ ಗೊತ್ತಾಗುತ್ತೆ. ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಎಸ್.ಪಿ. ರೋಡ್ ಇದೆ, ಜೇಬಿನಲ್ಲಿ ಮೊಬೈಲ್ ಇದೆ. ಇವೆರಡರ ನಡುವೆ ಅವರು ಅಂಗಡಿ ತೆರೆದಿಟ್ಟಿರುವುದು ಒಳಗೆ ನೋಡಿ ಹೇಳುವ ಆ ಒಂದು ಗುಣದಿಂದ.

ಇದೇ ಕಾರಣಕ್ಕೆ ನಮ್ಮವರ ಮೇಲೆ ನನಗೆ ಸಿಟ್ಟೂ ಬರುತ್ತೆ. ನಾವಿದ್ದಾಗಲೇ ಇಬ್ಬರು ಹುಡುಗರು ಬಂದರು. ಯಾವ ಕಾರ್ಡ್, ಎಷ್ಟು ವ್ಯಾಟ್, ಯಾವ ಪಿನ್ ಅಂತ ಎಲ್ಲಾ ಕೇಳಿ ಮೊಬೈಲ್‌ನಲ್ಲಿ ಬರೆದುಕೊಂಡರು. ಆಮೇಲೆ ಆನ್‌ಲೈನ್‌ನಲ್ಲಿ ಐನೂರು ಕಮ್ಮಿ ಇದೆ ಅಂತ ಹೊರಟೇ ಬಿಟ್ಟರು. ಅಂಗಡಿಯವರು ಏನೂ ಅನ್ನಲಿಲ್ಲ. ಅವರ ತಲೆಯಲ್ಲಿರುವುದಕ್ಕೂ ಬೆಲೆ ಇದೆ ಅಲ್ವಾ? ಮ್ಯೂನಿಕ್‌ನಲ್ಲಿ ಅದಕ್ಕೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. ನಮ್ಮಲ್ಲಿ ಸುಮ್ನೆ ಸಿಗುತ್ತೆ ಅಂತ ಸುಮ್ನೆ ತಗೊಂಡು ಹೋಗುತ್ತೇವೆ.

ಬಿಲ್ ವಿಷಯ ಬಂದದ್ದರಿಂದ ಹೇಳಲೇಬೇಕು. "ಜಿಎಸ್‌ಟಿ ಬಿಲ್ ಬೇಕಾ ಸಾರ್?" ಅಂತ ಅವರೂ ಕೇಳಿದರು. ಬೇಕಾ ಅಂತ ಕೇಳುವ ಪ್ರಶ್ನೆಯೇ ಅಲ್ಲ ಅದು. ಕಾರ್ಡಿಗೆ ಮೂರು ವರ್ಷ ವಾರಂಟಿ ಇದೆ. ಕೆಟ್ಟರೆ ಬೆಂಗಳೂರಿಗೆ ಹೋಗಬೇಕು, ಸೀರಿಯಲ್ ನಂಬರ್, ಬಿಲ್ ಎರಡೂ ಬೇಕು, ವಾಪಸ್ ಬರೋದು ಯಾವಾಗಲೋ. ಜರ್ಮನಿಯಲ್ಲಿ ಹೊಸ ಸಾಮಾನಿಗೆ ಎರಡು ವರ್ಷ ಮಾರಿದವನೇ ಕಾನೂನಿನ ಪ್ರಕಾರ ಹೊಣೆ. ಅಲ್ಲಿ ಮಾರಿದ ಮೇಲಿನ ನಂಬಿಕೆ ಗಟ್ಟಿ, ಇದನ್ನು ಒಪ್ಪಬೇಕು. ನಮ್ಮಲ್ಲಿ ಎಲ್ಲ ಅಂಗಡಿಯವರೂ ಇವರ ಹಾಗಲ್ಲ ಅನ್ನುವುದನ್ನೂ ಒಪ್ಪಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ಅಂಥದ್ದನ್ನು ಒರೆಸಿ, ಹೊಸ ಡಬ್ಬಿಗೆ ಹಾಕಿ ಕೊಟ್ಟರೆ ಬಿಲ್ ಇಲ್ಲದ ಗಿರಾಕಿ ಏನು ಮಾಡಬೇಕು?

ಹಾಗಾಗಿ ನಮ್ಮೂರ ಅಂಗಡಿಯವರಲ್ಲಿ ನನ್ನದು ಒಂದೇ ಕೋರಿಕೆ. ಒಳಗೆ ನೋಡಿ ಕೊಡುವುದನ್ನು ಬಿಡಬೇಡಿ. ಜೊತೆಗೆ, ಕೇಳಲಿ ಬಿಡಲಿ, ಸೀರಿಯಲ್ ನಂಬರ್ ಬರೆದ ಬಿಲ್ ಕೈಗೆ ಕೊಡಿ. ಅಕ್ಕನ ಮಗನ ಮಷಿನ್‌ಗೆ ವಿಂಡೋಸ್ 11 ಬರಲ್ಲ, 10ಕ್ಕೆ ಸಪೋರ್ಟ್ ಮುಗಿದಿದೆ, ಬೇಗ ಬೋರ್ಡು ಬದಲಾಯಿಸಲೇಬೇಕು. ಆ ಬೋರ್ಡು, ಎಸ್‌ಎಂಪಿಎಸ್ಸು, ಕ್ಯಾಬಿನೆಟ್ಟು ಎಲ್ಲಾ ಇದೇ ಅಂಗಡಿಯಲ್ಲಿ ತಗೋ, ದುಡ್ಡು ನಾನು ಕಳಿಸ್ತೀನಿ ಅಂತ ಅವನಿಗೆ ಹೇಳಿಯೇ ವಿಮಾನ ಹತ್ತಿದ್ದೇನೆ.