ಫ್ರೀ ಮಿಕ್ಸಿಯ ಚಟ್ನಿ

ನಿನ್ನೆ ನೆಂಟರೊಬ್ಬರ ಮನೆಗೆ ತಿಂಡಿಗೆ ಹೋಗಿದ್ದೆವು. ಯಾರು ಅಂತ ಕೇಳಬೇಡಿ, ಅವರೂ ಇದೇ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ಓದಿದರೆ ಓದಲಿ. ಇಡ್ಲಿ ಚೆನ್ನಾಗಿತ್ತು, ಚಟ್ನಿ ಇನ್ನೂ ಚೆನ್ನಾಗಿತ್ತು. ಬಾಯಿ ಬಿಟ್ಟು ಹೇಳಿದೆ. ಮನೆ ಯಜಮಾನರ ಮುಖ ಅರಳಿತು. "ಫ್ರೀ ಮಿಕ್ಸಿ ಚಟ್ನಿ ಅಕ್ಕಾ, ರುಚಿ ಇರಲೇಬೇಕು" ಅಂದರು.

ಕಥೆ ಇಷ್ಟೇ. ಆನ್‌ಲೈನ್‌ನಲ್ಲಿ ಮಿಕ್ಸಿ ಆರ್ಡರ್ ಮಾಡಿದ್ದರು. ಹೇಳಿದ ದಿನಕ್ಕೆ ಬರಲಿಲ್ಲ. ಕ್ಯಾನ್ಸಲ್ ಮಾಡಿದರು. ದುಡ್ಡು ಅಕೌಂಟಿಗೆ ವಾಪಸ್ ಬಂತು. ಆಮೇಲೆ ಒಂದು ಮಧ್ಯಾಹ್ನ ಡೆಲಿವರಿ ಹುಡುಗ ಬಂದು ಡಬ್ಬ ಕೊಟ್ಟು ಹೋದ. "ನಾನೇನು ಕೇಳಿದ್ನಾ? ಅವನೇ ತಂದುಕೊಟ್ಟ. ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಬೇಡ ಅನ್ನೋಕಾಗುತ್ತಾ?" ಎಲ್ಲರೂ ನಕ್ಕರು. ಒಬ್ಬರು ಋಣ ಇತ್ತು ಬಿಡಿ ಅಂದರು. ಇನ್ನೊಬ್ಬರು ಯಾವ ಆ್ಯಪ್ ಅಂತ ವಿಚಾರಿಸಿಕೊಂಡರು. ತಮಾಷೆಗೋ ನಿಜಕ್ಕೋ, ಗೊತ್ತಾಗಲಿಲ್ಲ.

ನಾನು ಬಾಯಿ ತೆಗೆಯುವಷ್ಟರಲ್ಲಿ ನಮ್ಮನೆಯವರು ಮೇಜಿನ ಕೆಳಗೆ ಕಾಲು ತುಳಿದರು. ಸುಮ್ಮನಾದೆ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

"ಕಂಪನಿಗೇನ್ ನಷ್ಟ, ಕೋಟಿ ಕೋಟಿ ಬಾಚ್ತಾರೆ" ಅನ್ನೋದು ಎಲ್ಲರ ಬಾಯಲ್ಲೂ ರೆಡಿ ಇರುವ ಮಾತು. ಯಾವ ಕಂಪನಿಗೆ ಸ್ವಾಮಿ? ಖಾಲಿ ಡಬ್ಬ ಇನ್ನೂ ಅಡುಗೆಮನೆ ಮೂಲೆಯಲ್ಲೇ ಇತ್ತು. ಕೈ ತೊಳೆಯಲು ಹೋದವಳು ಲೇಬಲ್ ಓದಿದೆ. ಮಾರಿದವರು ಕೊಯಮತ್ತೂರಿನ ಯಾರೋ ವ್ಯಾಪಾರಿ. ವಿದೇಶಿ ಬಂಡವಾಳ ಇರುವ ಮಾರ್ಕೆಟ್‌ಪ್ಲೇಸ್‌ಗಳು ನಮ್ಮ ದೇಶದಲ್ಲಿ ಸ್ವಂತ ಮಾಲು ಇಟ್ಟುಕೊಂಡು ನಮಗೆ ಮಾರುವ ಹಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಆ್ಯಪ್ ಅನ್ನೋದು ಬರೀ ಸಂತೆ ಮೈದಾನ. ಅಂಗಡಿ ಹಾಕಿಕೊಂಡು ಕೂತವರು ಬೇರೆ.

ಅದೇ ಹೊತ್ತಿಗೆ ಮನೆಯಾಕೆ ಹತ್ತಿರ ಬಂದು, "ಅಕ್ಕಾ, ಇದಕ್ಕೆ ವಾರಂಟಿ ಸಿಗುತ್ತಾ?" ಅಂತ ಮೆಲ್ಲಗೆ ಕೇಳಿದಳು. ಬಿಲ್ಲೇ ಕ್ಯಾನ್ಸಲ್ ಆಗಿದೆಯಲ್ಲಮ್ಮಾ, ಏನು ತೋರಿಸ್ತೀಯಾ?

ಇದು ಹೇಗೆ ಆಗುತ್ತೆ ಅಂದರೆ, ಮಾಲು ಲಾರಿ ಹತ್ತಿದ ಮೇಲೆ ಕ್ಯಾನ್ಸಲ್ ಮಾಡಿದರೆ ಅದನ್ನು ದಾರಿಯಲ್ಲಿ ಹಬ್‌ನಲ್ಲಿ ತಡೆಯಬೇಕು. ಆರ್‌ಟಿಓ ಅಂತ ಹಾಕಿ (ಲೈಸೆನ್ಸ್ ಕೊಡುವ ಆಫೀಸಲ್ಲ, ಕಳಿಸಿದವರಿಗೇ ವಾಪಸ್ ಅಂತ) ಹಿಂದೆ ಕಳಿಸಬೇಕು. ರಾಶಿ ರಾಶಿ ಪಾರ್ಸಲ್ ಮಧ್ಯೆ ಒಂದು ಕಣ್ತಪ್ಪುತ್ತದೆ. ಹುಡುಗನ ಬ್ಯಾಗಿಗೆ ಬೀಳುತ್ತದೆ. ಅವನು ತಂದುಕೊಡುತ್ತಾನೆ. ವಾಪಸ್ ಬರಬೇಕಾದ ಡಬ್ಬ ಬರಲಿಲ್ಲ ಅಂದಾಗ ಹುಡುಕಾಟ ಶುರು. ಆ ವ್ಯಾಪಾರಿ ಕ್ಲೇಮ್ ಹಾಕಬೇಕು, ಸಿಕ್ಕಿದರೆ ಪುಣ್ಯ. ಹಬ್‌ನವರು ಹುಡುಗನನ್ನು ಹಿಡಿದುಕೊಳ್ಳುತ್ತಾರೆ. "ಕೊಟ್ಟೆ ಸಾರ್" ಅಂತಾನೆ. ಓಟಿಪಿ ಎಲ್ಲಿ? ಇಲ್ಲ. ಈಗ ಹೇಳಿ, ಮಿಕ್ಸಿ ಯಾರ ತಲೆ ಮೇಲೆ ಬಿತ್ತು?

ನಾನು ಕ್ಯಾಶ್‌ನಲ್ಲಿ ಕೂತು ರಿಟೈರ್ ಆದವಳು, ನಿಮಗೆಲ್ಲ ಗೊತ್ತೇ ಇದೆ. ಸಂಜೆ ಕ್ಯಾಶ್ ಜಾಸ್ತಿ ಬಂದರೆ ಬ್ಯಾಂಕಿನ ಲೆಕ್ಕಕ್ಕೆ, ಕಮ್ಮಿ ಬಂದರೆ ಕ್ಯಾಷಿಯರ್ ಕೈಯಿಂದ. ಒಂದು ಸಲ ಪಕ್ಕದ ಕೌಂಟರಿನ ಹುಡುಗಿ ತಿಂಗಳ ಮೊದಲ ವಾರದ ನೂಕುನುಗ್ಗಲಿನಲ್ಲಿ ನೂರರ ಕಟ್ಟಿನ ಬದಲು ಐನೂರರ ಕಟ್ಟು ಕೊಟ್ಟುಬಿಟ್ಟಳು. ಕಟ್ಟಿಗೆ 100 ನೋಟು. 40,000 ರೂಪಾಯಿ ಕಮ್ಮಿ. ಸಿಸಿಟಿವಿ ಹಾಕಿ ನೋಡಿದೆವು. ಆ ಮನುಷ್ಯ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತ. ಅಂಚನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು ನೋಡಿದ. ಕೌಂಟರ್ ಕಡೆ ಒಮ್ಮೆ ತಿರುಗಿದ. ಆಮೇಲೆ ಶರ್ಟ್ ಮೇಲೆತ್ತಿ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಮನೆ ಹುಡುಕಿಕೊಂಡು ಹೋಗಿ ಕೇಳಿದರೆ ಏನಂದ ಗೊತ್ತಾ? "ನಾನೇನು ಕದ್ದೆನಾ? ನೀವೇ ಕೊಟ್ಟಿದ್ದು."

ಅದೇ ಮಾತು. ನಿನ್ನೆ ಇಡ್ಲಿ ತಟ್ಟೆ ಮುಂದೆ ಕೇಳಿದ್ದೂ ಅದೇ ಮಾತು.

ಆ ರಾತ್ರಿ ನಾವೆಲ್ಲ ಕೈ ಸೇರಿಸಿ ಕ್ಯಾಶ್ ಸರಿ ಮಾಡಿದೆವು. ಹುಡುಗಿ ಬಳೆ ಅಡವಿಟ್ಟು ನಮ್ಮ ಸಾಲ ತೀರಿಸಿದಳು. ಆತ ಕೊನೆಗೆ ಪೊಲೀಸ್ ಅಂದ ಮೇಲೆ ಕಂತಿನಲ್ಲಿ ಕೊಟ್ಟ, ನಮಗೇ ಉಪಕಾರ ಮಾಡಿದ ಹಾಗೆ.

ಕಾನೂನು ಏನೂ ಹೊಸದಲ್ಲ. 1872ರ ಕಾಂಟ್ರಾಕ್ಟ್ ಆ್ಯಕ್ಟ್, ಸೆಕ್ಷನ್ 72. ತಪ್ಪಿ ದುಡ್ಡು ಬಂದರೂ ಅಷ್ಟೇ, ವಸ್ತು ಬಂದರೂ ಅಷ್ಟೇ, ವಾಪಸ್ ಕೊಡಬೇಕು. ಬೇರೆಯವರದ್ದು ಅಂತ ಗೊತ್ತಾದ ಮೇಲೂ ಗುಳುಂ ಮಾಡಿದರೆ ಹಳೆ ಐಪಿಸಿಯಲ್ಲಿ 403, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 314. ಹಳೆಯದರಲ್ಲಿ ಬರೀ ದಂಡ ಕಟ್ಟಿ ಪಾರಾಗುವ ದಾರಿಯಾದರೂ ಇತ್ತು. ಹೊಸದರಲ್ಲಿ ಕಮ್ಮಿ ಅಂದರೂ 6 ತಿಂಗಳು, ಜಾಸ್ತಿ ಅಂದರೆ 2 ವರ್ಷ ಜೈಲು, ಮೇಲೆ ದಂಡ. ಒಂದು ಮಿಕ್ಸಿಗೆ ಯಾರೂ ಪೊಲೀಸರನ್ನು ಕಳಿಸಲ್ಲ, ಅದು ನನಗೂ ಗೊತ್ತು. ಅವರಿಗೂ ಗೊತ್ತು. ಅದಕ್ಕೇ ಅಷ್ಟು ಧೈರ್ಯ.

ಅಲ್ಲೇ ಇದ್ದ ಒಬ್ಬ ಹುಡುಗ ಫೋನ್ ತೆಗೆದು ರೀಲ್ ತೋರಿಸಿದ. "ಆಂಟಿ, ನಾವು ಕೇಳದೆ ಬಂದ ಪಾರ್ಸಲ್ ಕಾನೂನು ಪ್ರಕಾರ ಗಿಫ್ಟ್." ಅದು ಅಮೆರಿಕದ್ದಪ್ಪಾ. ಯಾರೂ ಕೇಳದ ಸಾಮಾನನ್ನು ಅಂಚೆಯಲ್ಲಿ ಕಳಿಸಿ ಆಮೇಲೆ ದುಡ್ಡು ಕೊಡಿ ಅಂತ ಪೀಡಿಸುವ ಕಂಪನಿಗಳ ಕಾಟಕ್ಕೆ 1970ರಲ್ಲಿ ಮಾಡಿಕೊಂಡಿದ್ದು. ಇಲ್ಲಿ ಆರ್ಡರ್ ಮಾಡಿದ್ದೂ ನೀವೇ, ದುಡ್ಡು ವಾಪಸ್ ತಗೊಂಡಿದ್ದೂ ನೀವೇ. ರಾಜಾಜಿನಗರದ ಮಿಕ್ಸಿಗೆ ಅಮೆರಿಕದ ಕಾನೂನು!

ಕಾಮೆಂಟಿನಲ್ಲಿ ಏನು ಬರುತ್ತೆ ಅಂತಲೂ ಗೊತ್ತು. ಆ್ಯಪ್‌ನವರೇನು ಸಾಚಾನಾ? ರಿಫಂಡಿಗೆ ಎಷ್ಟು ಸತಾಯಿಸ್ತಾರೆ, ಮನುಷ್ಯರ ಜೊತೆ ಮಾತಾಡೋಕೇ ಬಿಡಲ್ಲ, ಅವರ ತಪ್ಪಿಗೆ ನಾವ್ಯಾಕೆ ಒದ್ದಾಡಬೇಕು? ಸತಾಯಿಸ್ತಾರೆ, ಒಪ್ಪಿದೆ. ಅದಕ್ಕೆ 1915 ಗ್ರಾಹಕ ಸಹಾಯವಾಣಿ ಇದೆ, ಫೋನ್ ಮಾಡಿ ಜಗಳ ಆಡಿ, ನಾನೂ ಆಡಿದ್ದೇನೆ. ಆ ಸಿಟ್ಟನ್ನು ಕೊಯಮತ್ತೂರಿನವನ ಮೇಲೆ ಯಾಕೆ ತೀರಿಸಿಕೊಳ್ಳೋದು? ಡಬ್ಬ ಹೊತ್ತುಕೊಂಡು ಹೋಗಿ ಅಂತ ಯಾರೂ ಹೇಳ್ತಿಲ್ಲ. "ತಪ್ಪಾಗಿ ಬಂದಿದೆ, ಬಂದು ತಗೊಂಡು ಹೋಗಿ" ಅಂತ ಒಂದು ಮೆಸೇಜ್. ಇಟ್ಟುಕೊಳ್ಳಿ ಅಂತ ಅವರೇ ಹೇಳಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆರಾಮಾಗಿ ಅರೆದುಕೊಳ್ಳಿ. ನಾನೂ ಬಂದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇನೆ.

ನಿಜ ಹೇಳಲಾ? ನಮ್ಮನೆ ಮಿಕ್ಸಿ ಕರಕರ ಅನ್ನುತ್ತಾ ಇದೆ, ಜಾರ್ ಸೋರುತ್ತೆ. ಸ್ವಲ್ಪ ಹೊಟ್ಟೆಕಿಚ್ಚೂ ಇದ್ದೀತು. ಆದರೆ ಇಟ್ಟುಕೊಂಡಿದ್ದಕ್ಕಿಂತ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದು ನನಗೆ ಜಾಸ್ತಿ ಉರಿಯಿತು. ಮೊದಲೆಲ್ಲ ಇಂಥದ್ದನ್ನು ಮುಚ್ಚಿಡುತ್ತಿದ್ದರು. ಈಗ ನೆಂಟರನ್ನು ಕರೆದು ಚಟ್ನಿ ಹಾಕಿ ಹೇಳುತ್ತಾರೆ. ತರಕಾರಿ ಗಾಡಿಯವನು ಐದು ರೂಪಾಯಿ ಚಿಲ್ಲರೆ ಕಮ್ಮಿ ಕೊಟ್ಟರೆ ಬೀದಿ ತುದಿವರೆಗೂ ಹಿಂದೆ ಹೋಗುವ ಮನುಷ್ಯ ಇವರು, ಕಣ್ಣಾರೆ ನೋಡಿದ್ದೇನೆ.

ಓದುತ್ತಿದ್ದೀರಿ ಅಂತ ಗೊತ್ತು. ಆ್ಯಪ್ ತೆಗೆಯಿರಿ, ಹಳೆ ಆರ್ಡರ್‌ಗಳಲ್ಲಿ ಕ್ಯಾನ್ಸಲ್ ಆಗಿರುವುದನ್ನು ಒತ್ತಿ, ಹೆಲ್ಪ್ ಅಂತ ಇರುತ್ತೆ. ಬರೆಯೋಕೆ ಬರಲ್ಲ ಅಂದರೆ ಫೋನ್ ಮಾಡಿ, ನಾನೇ ಟೈಪ್ ಮಾಡಿ ಕಳಿಸುತ್ತೇನೆ.