ಓಡಿಹೋಗುವ ಶಾವಿಗೆ

ನಾನು ಪಂಕ್ತಿಯಲ್ಲಿ ಉಂಡು ಬೆಳೆದವನು. ಬಡಿಸುವವರು ಬರುತ್ತಾರೆ, ಎಲೆಯ ಮುಂದೆ ಬಗ್ಗುತ್ತಾರೆ, ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿಯೇ ಮುಂದೆ ಹೋಗುತ್ತಾರೆ. ಊಟ ಎಲ್ಲಿಗೂ ಓಡಿಹೋಗುವುದಿಲ್ಲ ಅನ್ನುವ ಧೈರ್ಯ ಅರವತ್ತು ದಾಟುವವರೆಗೂ ಇತ್ತು. ಜಪಾನಿನ ತಕಚಿಹೋದಲ್ಲಿ ಒಂದೇ ಮಧ್ಯಾಹ್ನಕ್ಕೆ ಅದು ಮುಗಿಯಿತು.

ಮಗ ಕುಮಮೋಟೊದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಜುಲೈ ಸೆಕೆಗೆ ನಾವಿಬ್ಬರೂ ಒದ್ದಾಡುವುದನ್ನು ನೋಡಿ ಬೆಟ್ಟದ ಕಡೆ, ಈ ತಕಚಿಹೋಗೆ, ಕರೆದುಕೊಂಡು ಹೋದ. ಅಸೋ ಜ್ವಾಲಾಮುಖಿ ಯಾವ ಕಾಲದಲ್ಲೋ ಕಾರಿದ ಬೆಂಕಿ ತಣಿದು, ಕಂಬ ಕಂಬವಾಗಿ ನಿಂತ ಕಲ್ಲಿನ ಕಮರಿ. ನಡುವೆ ಹಸಿರು ನೀರಿನ ಗೊಕಾಸೆ ನದಿ. ಅದಕ್ಕೆ 17 ಮೀಟರ್ ಎತ್ತರದಿಂದ ಬೀಳುವ ಮನಾಯ್ ಜಲಪಾತ. ದೋಣಿಗೆ ಉದ್ದನೆ ಸಾಲು ಇತ್ತು. ಮೊದಲು ಊಟ ಅಂದೆವು.

ಊಟದ ಜಾಗದಲ್ಲಿ ಮೇಜಿನ ಬದಲು ಬಿದಿರು. ಉದ್ದಕ್ಕೆ ಎರಡಾಗಿ ಸೀಳಿ, ಒಳಗಿನ ಗಂಟು ಕೆತ್ತಿ, ಇಳಿಜಾರಾಗಿ ಇಟ್ಟಿದ್ದಾರೆ. ಅದರಲ್ಲಿ ತಣ್ಣನೆಯ ನೀರು ಜುಳುಜುಳು ಹರಿಯುತ್ತಿದೆ. ನೋಡಿದ ಕೂಡಲೇ ನನಗೆ ಅಜ್ಜನ ಮನೆಯ ಅಬ್ಬಿ ನೆನಪಾಯಿತು. ಅಲ್ಲೂ ಗುಡ್ಡದ ನೀರು ಅಡಿಕೆ ಮರದ ದಂಬೆಯಲ್ಲಿ ಹೀಗೇ ಹಿತ್ತಲಿಗೆ ಬರುತ್ತಿತ್ತು. ವ್ಯತ್ಯಾಸ ಇಷ್ಟೇ, ಇಲ್ಲಿ ನೀರಿನ ಜೊತೆ ಶಾವಿಗೆಯೂ ಬರುತ್ತದೆ.

ಶಾವಿಗೆ ಅಂದದ್ದು ನನ್ನ ಹೆಂಡತಿ. ಅವರು ಸೋಮೆನ್ ಅನ್ನುತ್ತಾರೆ. ಗೋಧಿ ಹಿಟ್ಟಿನದು, ಬಿಳಿ ದಾರದಷ್ಟು ಸಣ್ಣ. ಮೇಲೆ ನಿಂತವರು ಬೇಯಿಸಿದ ಒಂದೊಂದೇ ಹಿಡಿಯನ್ನು ನೀರಿಗೆ ಬಿಡುತ್ತಾರೆ. ನಾವು ಕೆಳಗೆ ಕಡ್ಡಿ ಹಿಡಿದು ಕಾಯಬೇಕು. ಇದಕ್ಕೆ ನಗಾಶಿ ಸೋಮೆನ್ ಎಂದು ಹೆಸರು, ಹರಿಯಬಿಟ್ಟ ಸೋಮೆನ್ ಅಂತ ಅರ್ಥ. ಸಾವಿರ ವರ್ಷದ ಸಂಪ್ರದಾಯ ಇರಬೇಕು ಅಂದುಕೊಂಡು ಭಕ್ತಿಯಿಂದ ನಿಂತಿದ್ದೆ. ವಿಚಾರಿಸಿದರೆ ನಮ್ಮಣ್ಣನ ವಯಸ್ಸು! ಹೊಲದ ಕೆಲಸಕ್ಕೆ ಹೋದವರು ಅಲ್ಲೇ ಸೋಮೆನ್ ಬೇಯಿಸಿ, ಬಿದಿರಿನಲ್ಲಿ ಒರತೆಯ ನೀರಿಗೆ ಹಾಕಿ ತಣಿಸಿಕೊಂಡು ತಿನ್ನುತ್ತಿದ್ದರಂತೆ. 1955ರಲ್ಲಿ ಇಲ್ಲಿನ ಊಟದ ಮನೆಯೊಂದು ಅದನ್ನೇ ಗಿರಾಕಿಗಳಿಗೂ ಶುರು ಮಾಡಿತು. ಇದರ ತವರು ನಮ್ಮೂರೇ ಅಂತ ತಕಚಿಹೋದವರ ಹೆಮ್ಮೆ.

ನೀರು, ದಂಬೆ, ಶಾವಿಗೆ ಮೂರೂ ನಮ್ಮಲ್ಲೂ ಇದ್ದವು. ಆದರೆ ಕಾಯಿಹಾಲು ಹಾಕಿಕೊಂಡು ತಿನ್ನುವ ಒತ್ತು ಶಾವಿಗೆಯನ್ನು ದಂಬೆಗೆ ಬಿಟ್ಟಿದ್ದರೆ ಅಜ್ಜಿ ನಮ್ಮನ್ನೂ ಅದರ ಹಿಂದೆಯೇ ಬಿಡುತ್ತಿದ್ದಳು. ಅವಳಿಗೆ ಇನ್ನೂ ದೊಡ್ಡ ತಕರಾರು ಎಂಜಲಿನದು ಇರುತ್ತಿತ್ತು. ಒಬ್ಬರ ಬಾಯಿಗೆ ಹೋದ ಕಡ್ಡಿ ಅದ್ದಿದ ನೀರು ಮುಂದಿನವರಿಗೆ!

ಈ ವಿಷಯದಲ್ಲಿ ನನ್ನ ಹೆಂಡತಿ ಅಜ್ಜಿಯ ಸಂತತಿ. ಸುಮ್ನೆ ಹೋಗಿ ಎಲ್ಲರಿಗಿಂತ ಮೇಲಿನ ಜಾಗ ಹಿಡಿದಳು. ನಡುವೆ ಮಗ. ಕೊನೆಗೆ ನಾನು.

ಅದ್ದಿಕೊಳ್ಳುವ ಸಾರಿನಲ್ಲಿ ಒಣಮೀನಿನ ರಸ ಇರುತ್ತದೆ ಎಂದು ಮಗ ಮೊದಲೇ ಎಚ್ಚರಿಸಿದ್ದ. ಹಾಗಾಗಿ ಅವಳು ಬರೀ ಸೋಯಾ ಸಾಸಿಗೆ ಶುಂಠಿ ಹಾಕಿಕೊಂಡಳು. ಆಮೇಲೆ ಬ್ಯಾಗಿನಿಂದ ಚಟ್ನಿಪುಡಿಯ ಡಬ್ಬಿ ಹೊರಗೆ ಬಂತು. ನಾನು ಆಚೆ ಈಚೆ ನೋಡಿದೆ. ಪುಣ್ಯಕ್ಕೆ ಎಲ್ಲರ ಕಣ್ಣೂ ಬಿದಿರಿನ ಮೇಲೇ ಇತ್ತು.

"ರೀ, ಬಂತು, ಹಿಡೀರಿ!"

ಹಿಡಿಯಲು ಕಡ್ಡಿ ಜೋಡಿಸುವುದರೊಳಗೆ ಬಿಳಿ ಮುದ್ದೆ ನನ್ನ ಮುಂದಿನಿಂದ ಜಾರಿ ಹೋಯಿತು. ಎರಡನೆಯದಕ್ಕೆ ಬೇಗ ಕೈ ಹಾಕಿದೆ. ಅದು ಬರುವ ಮೊದಲೇ ನೀರನ್ನು ಹಿಡಿದಿದ್ದೆ. ಮೂರನೆಯದರಲ್ಲಿ ನಾಲ್ಕು ಎಳೆ ಸಿಕ್ಕಿತು. ಬಾಯಿಯ ಹತ್ತಿರ ಬರುವಾಗ ಎರಡು.

"ಅಪ್ಪಾ, ಹಿಡಿಯೋಕೆ ಹೋಗಬೇಡ. ಕಡ್ಡಿ ನೀರಿಗೆ ಅಡ್ಡ ಇಡು, ಅದೇ ಬಂದು ಸಿಕ್ಕಿಕೊಳ್ಳುತ್ತೆ."

ತೋಡಿಗೆ ಕಟ್ಟ ಹಾಕಿದ ಹಾಗೆ, ಅಲ್ವಾ. ಅದು ನನಗೆ ಗೊತ್ತಿದ್ದ ಕೆಲಸವೇ. ಅಡ್ಡ ಇಟ್ಟೆ, ನಿಂತಿತು! ಸಾರಿನಲ್ಲಿ ಅದ್ದಿ ಸುರ್ರೆಂದು ಎಳೆದುಕೊಂಡೆ. ಸೋಮೆನ್‌ಗೆ ಹೇಳಿಕೊಳ್ಳುವಂಥ ರುಚಿ ಏನೂ ಇಲ್ಲ. ತಣ್ಣಗಿದೆ, ನುಣುಪಾಗಿದೆ, ಗಂಟಲಲ್ಲಿ ಇಳಿದದ್ದೇ ಗೊತ್ತಾಗುವುದಿಲ್ಲ. ಆ ಸೆಕೆಯಲ್ಲಿ ಅಷ್ಟು ಸಾಕಿತ್ತು. ಇನ್ನೊಂದು ಕೈ ನೋಡೋಣ ಎಂದು ಅಡ್ಡ ಇಟ್ಟರೆ ಬಂದದ್ದು ಬರೀ ನೀರು. ಮೇಲಿನಿಬ್ಬರು ಅಷ್ಟರಲ್ಲಿ ಪಳಗಿದ್ದರು.

ಬಿದಿರಿನ ಕೊನೆಯಲ್ಲಿ ಒಂದು ಜರಡಿಬುಟ್ಟಿ ಇಟ್ಟಿರುತ್ತಾರೆ. ತಪ್ಪಿಸಿಕೊಂಡದ್ದೆಲ್ಲ ಅದರಲ್ಲಿ ಬಂದು ಬೀಳುತ್ತದೆ. ಸೋಮೆನ್ ಬಿಡುವುದು ಮುಗಿದ ಮೇಲೆ ಅಲ್ಲಿನ ಹುಡುಗಿ ಆ ಬುಟ್ಟಿಯನ್ನು ತಂದು ತಲೆಬಾಗಿ ನಮ್ಮ ಮುಂದಿಟ್ಟಳು. ಅದರಲ್ಲಿದ್ದದ್ದು ಪೂರಾ ನನ್ನ ಪಾಲು, ಒಬ್ಬ ಆಳು ಉಣ್ಣುವಷ್ಟಿತ್ತು. ಓಡುತ್ತಿರಲಿಲ್ಲ. ನಾನು ಆರಾಮವಾಗಿ ಕೂತು ಶುರು ಮಾಡಿದೆ.

"ಅದು ನಮ್ಮೆಲ್ಲರ ಎಂಜಲು ನೀರಲ್ಲಿ ಬಂದದ್ದು" ಎಂದಳು ಹೆಂಡತಿ.

"ಹೌದು" ಎಂದೆ.

ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಆಮೇಲೆ ಚಟ್ನಿಪುಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿ, ತನ್ನ ಕಡ್ಡಿಯನ್ನು ಬುಟ್ಟಿಗೆ ಹಾಕಿದಳು.