ವ್ಯಾಪ್ತಿ ಪ್ರದೇಶದ ಹೊರಗೆ, ಹೊರಮಾವು

ಕಳೆದ ತಿಂಗಳು ನಮ್ಮ ಭಾವ ತುಮರಿಯಿಂದ ಬೆಂಗಳೂರಿಗೆ, ಹೊರಮಾವಿನ ನಮ್ಮ ಮನೆಗೆ ಬಂದಿದ್ದರು. ಕೈಕಾಲು ತೊಳೆದು, ಕಾಫಿ ಕುಡಿದು, "ಮುಟ್ಟಿದೆ ಅಂತ ನಿನ್ನ ಅಕ್ಕನಿಗೆ ಒಂದು ಮಾತು ಹೇಳ್ತೆ" ಎಂದು ಮೊಬೈಲ್ ತೆಗೆದರು. ಒಂದು ಸಲ ಕಿವಿಗಿಟ್ಟರು. ಮತ್ತೊಂದು ಸಲ ಇಟ್ಟರು. ಫೋನನ್ನು ಅಂಗಿಗೆ ಒರೆಸಿ ಮೂರನೇ ಸಲ ಇಟ್ಟರು.

"ಎಂತ ಮಾರಾಯ, ನಿಮ್ಮನೇಲಿ ನೆಟ್‌ವರ್ಕ್ ಇಲ್ವಾ?"

"ಇದೆ ಭಾವ. ಟೆರೇಸ್ ಮೇಲಿದೆ. ಚಪ್ಪಲಿ ಹಾಕ್ಕೊಳ್ಳಿ, ಬಿಸಿಲು ಜಾಸ್ತಿ."

ನಾಲ್ಕು ಮಹಡಿ ಹತ್ತಿದೆವು. ಟೆರೇಸಿನಲ್ಲೂ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕ, ಪಶ್ಚಿಮಕ್ಕೆ ಮುಖ ಮಾಡಿ, ಪ್ಯಾರಪೆಟ್ ಗೋಡೆಗೆ ಸ್ವಲ್ಪ ಒರಗಿ ನಿಂತರೆ ಎರಡು ಕಡ್ಡಿ ಬರುತ್ತದೆ. ಒರಗುವುದು ಜಾಸ್ತಿಯಾದರೆ ಮೂರು ಕಡ್ಡಿ ಬರುತ್ತದೆ, ಆದರೆ ಮನುಷ್ಯ ಹೋಗುತ್ತಾನೆ. ನಾವು ಹೋದಾಗ ಆ ಜಾಗದಲ್ಲಿ ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಲ್ಯಾಪ್‌ಟಾಪ್ ಹಿಡಿದು ಮೀಟಿಂಗ್‌ನಲ್ಲಿದ್ದ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ. ಅವನ ಹಿಂದೆ ಒಂದನೇ ಮಹಡಿಯ ಅಜ್ಜಿ, ಅಮೆರಿಕದ ಮಗನಿಗೆ ಕಾಲ್ ಮಾಡಲು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ನಮ್ಮದು ಮೂರನೇ ನಂಬರ್.

ಭಾವ ಅದನ್ನೆಲ್ಲ ನೋಡಿ ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಅವರು ಯಾಕೆ ನಕ್ಕರು ಎಂದು ತಿಳಿಯಬೇಕಾದರೆ ತುಮರಿಯ ಕತೆ ಸ್ವಲ್ಪ ಗೊತ್ತಿರಬೇಕು.

ತುಮರಿ ಅಂದರೆ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರಿಗೆ ಹೋದವರಿಗೆ ಗೊತ್ತಿರುತ್ತದೆ. ಭೂಗೋಳದ ಮೇಷ್ಟ್ರು ಒಪ್ಪುವಂಥ ದ್ವೀಪವಲ್ಲ ಅದು. ಒಂದು ಮಗ್ಗುಲಿಗೆ ಕಾಡು ಅಂಟಿಕೊಂಡಿದೆ. ಆದರೆ ಆ ಕಾಡಿನ ದಾರಿ ಹಿಡಿದರೆ ಊರೆಲ್ಲ ಸುತ್ತಿ ಸಾಗರ ಸೇರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಆಮೇಲೆ ಆ ಜನಕ್ಕೆ ಆಸ್ಪತ್ರೆಗೂ ಲಾಂಚ್, ಮದುವೆ ದಿಬ್ಬಣಕ್ಕೂ ಲಾಂಚ್. ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈ 14ರಂದು. ಇನ್ನು ಫೋನಿನ ಕತೆ ಕೇಳಬೇಡಿ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದು ಆ ಸೀಮೆಯಲ್ಲೇ. 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಜನ ಹೋರಾಟಕ್ಕೆ ಇಳಿದಿದ್ದರು. ಅಕ್ಕನಿಗೆ ನಾವು ಏನಾದರೂ ತುರ್ತಾಗಿ ಹೇಳಬೇಕಿದ್ದರೆ ಸಾಗರದ ಪರಿಚಯದವರಿಗೆ ಹೇಳುತ್ತಿದ್ದೆವು. ಅವರು ಲಾಂಚ್ ಹತ್ತುವ ಯಾರದಾದರೂ ಕೈಗೆ ಚೀಟಿ ಕೊಡುತ್ತಿದ್ದರು. ಚೀಟಿ ಯಾವತ್ತೂ ತಪ್ಪಿಲ್ಲ, ಅದು ಬೇರೆ ಮಾತು.

ಅಂಥ ಊರಿನಿಂದ ಬಂದ ಮನುಷ್ಯ ಬೆಂಗಳೂರಿನಲ್ಲಿ ಸಿಗ್ನಲ್ಲಿಗೆ ಕ್ಯೂ ನಿಂತಿದ್ದಾರೆ. ಶರಾವತಿಯ ಕರೆಂಟು ತಂತಿಯಲ್ಲಿ ನಮ್ಮ ಊರಿನವರೆಗೆ ಬರುತ್ತದೆ. ಆ ಕರೆಂಟಿನಿಂದಲೇ ನನ್ನ ಮನೆಯ ರೂಟರಿನ ದೀಪ ಉರಿಯುತ್ತದೆ. ಕೆಂಪಗೆ.

"ಟವರ್ ಹಾಕ್ಸೋಕಾಗಲ್ವಾ?" ಎಂದು ಭಾವ ಕೇಳಿದರು.

ನಾನು ನೆಲ ನೋಡಿದೆ. ಇದನ್ನು ಒಪ್ಪಿಕೊಳ್ಳಲೇಬೇಕು. ಮೂರು ವರ್ಷದ ಹಿಂದೆ ಪಕ್ಕದ ಕಟ್ಟಡದ ಮೇಲೆ ಟವರ್ ಹಾಕಲು ಬಂದಿದ್ದರು. ನಮ್ಮ ಅಸೋಸಿಯೇಷನ್ ಭಾನುವಾರ ತುರ್ತು ಸಭೆ ಕರೆದು, ಉಪ್ಪಿಟ್ಟು ತಿಂದು, ರೇಡಿಯೇಷನ್ ಬರುತ್ತದೆಂದು ಸಹಿ ಸಂಗ್ರಹ ಮಾಡಿತು. ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಟವರಿನವರು ವಾಪಸ್ ಹೋದರು. ಮರುವಾರದ ಸಭೆಯ ಮೊದಲ ವಿಷಯ: 'ಏರಿಯಾದಲ್ಲಿ ಸಿಗ್ನಲ್ ಸಮಸ್ಯೆ'. ಟವರ್ ಬೇಡ, ಸಿಗ್ನಲ್ ಬೇಕು. ಹಸು ಬೇಡ, ಹಾಲು ಬೇಕು. ನಮ್ಮ ಕಡೆಯ ಪ್ಯಾಕೆಟ್ ಹಾಲು ಕುಡಿದು ಬೆಳೆದವರ ತರ್ಕ ಇದು.

ಹಾಗಂತ ಸುಮ್ಮನೆ ಕೂತಿಲ್ಲ. ದೂರು ಕೊಟ್ಟಿದ್ದೇನೆ. ದೂರು ಕೊಡುವ ವ್ಯವಸ್ಥೆ ಎಷ್ಟು ಚೆನ್ನಾಗಿದೆ ಎಂದರೆ, ಅದನ್ನು ಕಟ್ಟಿದ ತಲೆಗೆ ಒಂದು ಶಾಲು ಹೊದಿಸಬೇಕು. ಮೊದಲು ಆ್ಯಪ್ ತೆರೆಯಬೇಕು. ಅದಕ್ಕೆ ನೆಟ್ ಬೇಕು. ಟೆರೇಸಿಗೆ ಹೋಗಿ ತೆರೆದೆ. ನಂಬರ್ ಹಾಕಿದರೆ ಓಟಿಪಿ ಬರುತ್ತದೆ ಎಂದಿತು. ಯಾವ ಫೋನಿಗೆ ಸಿಗ್ನಲ್ ಇಲ್ಲವೆಂದು ದೂರು ಕೊಡುತ್ತಿದ್ದೇನೋ ಅದೇ ಫೋನಿಗೆ. ಓಟಿಪಿ ಬರುವುದರೊಳಗೆ ಅದರ ಆಯಸ್ಸು ಮುಗಿಯಿತು. ಮೇನ್ ರೋಡಿಗೆ ಹೋಗಿ, ಬೇಕರಿ ಮುಂದೆ ನಿಂತು, ಒಂದು ದಿಲ್‌ಪಸಂದ್ ತಿಂದು, ದೂರು ದಾಖಲು ಮಾಡಿ ಬಂದೆ.

ಮರುದಿನ ಕಂಪನಿಯವರು ವಿಚಾರಿಸಲು ಫೋನ್ ಮಾಡಿದರಂತೆ. ನಾನು ಮನೆಯಲ್ಲಿದ್ದೆ. ಕಾಲ್ ಹತ್ತಲಿಲ್ಲ. 'ಗ್ರಾಹಕರು ಸಂಪರ್ಕಕ್ಕೆ ಸಿಗದ ಕಾರಣ ದೂರನ್ನು ಮುಕ್ತಾಯ ಮಾಡಲಾಗಿದೆ' ಎಂಬ ಮೆಸೇಜ್ ಸಂಜೆ ಬೇಕರಿ ಮುಂದೆ ಸಿಕ್ಕಿತು. ನನಗೆ ಸಂಪರ್ಕ ಸಿಗುತ್ತಿಲ್ಲ ಎಂಬುದೇ ದೂರು. ಅದನ್ನು ಅವರೇ ಪರೀಕ್ಷೆ ಮಾಡಿ, ನಿಜವೆಂದು ಕಂಡುಕೊಂಡು, ಅದೇ ಕಾರಣಕ್ಕೆ ಮುಚ್ಚಿದ್ದಾರೆ.

ಎರಡನೇ ಸಲ ಜಾಣನಾದೆ. ಅವರು ಫೋನ್ ಮಾಡುವ ಹೊತ್ತಿಗೆ ಆಫೀಸಿನಲ್ಲಿದ್ದೆ. ಮೊದಲ ರಿಂಗಿಗೇ ಎತ್ತಿದೆ.

"ಸಾರ್, ನನ್ನ ವಾಯ್ಸ್ ಕ್ಲಿಯರ್ ಆಗಿ ಕೇಳಿಸ್ತಾ ಇದೆಯಾ?"

"ಕೇಳಿಸ್ತಾ ಇದೆಯಮ್ಮ, ಆದರೆ ನಾನೀಗ..."

"ಥ್ಯಾಂಕ್ಯೂ ಸಾರ್. ಪ್ರಾಬ್ಲಂ ಸಾಲ್ವ್ ಆಗಿದೆ ಅಂತ ಕ್ಲೋಸ್ ಮಾಡ್ತಾ ಇದೀನಿ."

ಫೋನ್ ಹತ್ತದಿದ್ದರೆ ನಾನಿಲ್ಲ, ಹತ್ತಿದರೆ ಸಮಸ್ಯೆ ಇಲ್ಲ. ಈ ದೂರು ಬದುಕಿರಲು ದಾರಿಯೇ ಇಲ್ಲ.

ಮೊಬೈಲ್ ಹೋಗಲಿ, ತಂತಿಯ ಇಂಟರ್ನೆಟ್ ಇದೆಯಲ್ಲ ಎನ್ನುತ್ತೀರಿ. ಇದೆ. ಒಂದಲ್ಲ, ಎರಡು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಕಂಪನಿಯ ಫೈಬರ್ ಹಾಕಿಸಿದ್ದೇನೆ. ಎರಡೂ ಬೀದಿ ಕೊನೆಯ ಒಂದೇ ಹೊಂಗೆ ಮರದಿಂದ ಹೊರಟು, ಒಂದೇ ಲೈಟ್ ಕಂಬಕ್ಕೆ ಸುತ್ತಿಕೊಂಡು, ಅಣ್ಣತಮ್ಮಂದಿರ ಹಾಗೆ ತಬ್ಬಿಕೊಂಡು ಬರುತ್ತವೆ. ಆ ಹೊಂಗೆ ಮರವನ್ನು ನೀವು ನೋಡಬೇಕು. ಎಲೆಗಿಂತ ಕೇಬಲ್ ಜಾಸ್ತಿ. ಕರಿ ಡಬ್ಬಿಗಳು ಹಣ್ಣಿನಂತೆ ತೂಗುತ್ತವೆ. ಸತ್ತುಹೋದ ಕಂಪನಿಗಳ ಕೇಬಲ್ಲೂ ಇವೆ. ಅವನ್ನು ತೆಗೆಯುವವರಿಲ್ಲ, ಪಿತೃಗಳಂತೆ ಮೇಲೆ ತೇಲುತ್ತಿವೆ. ಕಾಗೆಯೊಂದು ಅಲ್ಲಿ ಗೂಡು ಕಟ್ಟಿದೆ, ಅರ್ಧ ಕಡ್ಡಿ, ಅರ್ಧ ಫೈಬರ್. ಆ ಗೂಡಿಗೆ ನನ್ನ ಮನೆಗಿಂತ ಒಳ್ಳೆಯ ಸ್ಪೀಡ್ ಇರಬಹುದು.

ಇಲ್ಲಿ ದ್ವೀಪವಾಸಿಗಳ ಕತೆ ಹೇಳದೆ ಇರಲಾಗದು. 2020ರ ಆಗಸ್ಟ್ 10ರಂದು ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಕಡಲ ತಳದ ಕೇಬಲ್ ಉದ್ಘಾಟನೆಯಾಯಿತು. ಅಂಡಮಾನಿನ ಬೇರೆ ದ್ವೀಪಗಳೂ ಸೇರಿ ಸುಮಾರು 2,300 ಕಿಲೋಮೀಟರ್. 2024ರ ಜನವರಿ 3ರಂದು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಇನ್ನೊಂದು. ಅದು 1,868 ಕಿಲೋಮೀಟರ್, ಖರ್ಚು 1,072 ಕೋಟಿ ರೂಪಾಯಿ. ಹಡಗಿನಲ್ಲಿ ಹೋಗಿ, ಅಳತೆ ಮಾಡಿ, ತಿಮಿಂಗಿಲ ಓಡಾಡುವ ನೀರಿನ ಅಡಿಯಲ್ಲಿ ಶಿಸ್ತಾಗಿ ಮಲಗಿಸಿದ್ದಾರೆ. ಹವಳದ ದಿಬ್ಬಗಳನ್ನು ದಾಟಿಸಿದವರಿಗೆ ಹೊರಮಾವಿನ ಅಗರದ ಅಡ್ಡರಸ್ತೆ ದಾಟಿಸಲು ಆಗಿಲ್ಲ. ಆ ಕೇಬಲ್ ಬರುವ ಮೊದಲು ಲಕ್ಷದ್ವೀಪದವರು ಫೋನಿಗೆ ಉಪಗ್ರಹವನ್ನೇ ನೆಚ್ಚಿದ್ದರು. ನಮ್ಮ ದೇಶದ ಸಂಪರ್ಕ ಉಪಗ್ರಹಗಳು ತಯಾರಾಗುವುದು ಎಲ್ಲಿ? ಇದೇ ಬೆಂಗಳೂರಿನಲ್ಲಿ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. 36,000 ಕಿಲೋಮೀಟರ್ ಮೇಲೆ ನಮ್ಮ ಊರಿನ ಮಾಲು ಸಿಗ್ನಲ್ ಹಂಚುತ್ತಿದೆ. ನಾಲ್ಕು ಮಹಡಿ ಕೆಳಗೆ ನನಗೆ ಸಿಗುತ್ತಿಲ್ಲ.

ಟೊಂಗಾ ಎಂಬ ದ್ವೀಪದೇಶದಲ್ಲಿ 2022ರ ಜನವರಿಯಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಅವರ ಕೇಬಲ್ ತುಂಡಾಯಿತು. ಹಡಗು ಬಂದು ಮುಖ್ಯ ದ್ವೀಪಕ್ಕೆ ಮತ್ತೆ ಜೋಡಿಸಲು ಐದು ವಾರ ಹಿಡಿಯಿತು. ನಮ್ಮ ಬೀದಿಯ ಕೇಬಲ್ ಹೋದ ಸಲ ತುಂಡಾದಾಗ ಹನ್ನೆರಡು ದಿನ ಹಿಡಿಯಿತು. ನಮ್ಮದೇ ವೇಗ ಎಂದು ಹೆಮ್ಮೆ ಪಡಬಹುದು. ಆದರೆ ಅವರಿಗೆ ಜ್ವಾಲಾಮುಖಿ ಬೇಕಾಯಿತು. ನಮಗೆ ಒಂದು ಜೆಸಿಬಿ ಸಾಕಾಯಿತು. ಕೇಬಲ್ ಕಂಬದಿಂದ ಇಳಿದು ಅಂಗಡಿ ಮುಂದೆ ನೆಲದೊಳಗೆ ನುಸುಳುವ ಜಾಗದಲ್ಲೇ ಜೆಸಿಬಿ ಹುಡುಗ ಬಕೆಟ್ ಹಾಕಿದ. ಎರಡೂ ಕಂಪನಿ ಒಟ್ಟಿಗೆ ಹೋದವು. ಅಣ್ಣತಮ್ಮಂದಿರು ಅಂದೆನಲ್ಲ.

ಇದಕ್ಕೂ ಸರ್ಕಾರ ದಾರಿ ಮಾಡಿಟ್ಟಿದೆ. 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಂತು. ಅಗೆಯುವವರು ಮೊದಲೇ ಅದರಲ್ಲಿ ತಿಳಿಸಿದರೆ, ಕೆಳಗೆ ಯಾರ ಕೇಬಲ್ ಇದೆಯೋ ಅವರಿಗೆ ಸುದ್ದಿ ಹೋಗುತ್ತದೆ. ಒಳ್ಳೆಯ ಯೋಚನೆ, ವ್ಯಂಗ್ಯವಲ್ಲ. ನಾನು ಜೆಸಿಬಿ ಹುಡುಗನನ್ನು ಕೇಳಿಯೇ ಬಿಟ್ಟೆ.

"ಏನಪ್ಪ, ಅಗೆಯೋ ಮುಂಚೆ ಆ್ಯಪ್‌ನಲ್ಲಿ ಹಾಕ್ಬೇಕಂತೆ, ಹಾಕಿದ್ಯಾ?"

ಅವನು ಫೋನ್ ತೆಗೆದು ತೋರಿಸಿದ. "ಹಾಕೋಣ ಅಂದ್ರೆ ಇಲ್ಲಿ ನೆಟ್‌ವರ್ಕೇ ಇಲ್ವಲ್ಲ ಸಾರ್."

ನಮ್ಮ ಬೀದಿ ವರ್ಷಕ್ಕೆ ಮೂರು ಸಲ ಅಗೆಸಿಕೊಳ್ಳುತ್ತದೆ. ನೀರಿನವರು ಒಮ್ಮೆ, ಗ್ಯಾಸಿನವರು ಒಮ್ಮೆ, ಅವರಿಬ್ಬರು ಮುಚ್ಚಿದ್ದು ಸರಿಯಿಲ್ಲವೆಂದು ಇನ್ಯಾರೋ ಒಮ್ಮೆ. ಮಳೆಗಾಲ ಬಂದರೆ ಆ ಗುಂಡಿಗಳು ಕೆರೆಯಾಗಿ, ನಾವು ಶಾಸ್ತ್ರೋಕ್ತವಾಗಿ ನಡುಗಡ್ಡೆಯಾಗುತ್ತೇವೆ. 2025ರ ಮೇ ತಿಂಗಳಲ್ಲಿ ಇದೇ ಹೊರಮಾವಿನ ಸಾಯಿ ಲೇಔಟ್‌ನಲ್ಲಿ ದೋಣಿ ಓಡಿದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ನಾವು ಆ ದಿನ ಟಿವಿಯಲ್ಲೂ ನೋಡಲಿಲ್ಲ, ಅದೂ ಅದೇ ಕೇಬಲ್ಲಿನಲ್ಲಿ ಬರುವುದು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಕಡೆ ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಜನ ನಕ್ಕರು. ನನಗೆ ನೆನಪಾಗಿದ್ದು 1981. ಆ ವರ್ಷ ಇಸ್ರೋದವರು 'ಆ್ಯಪಲ್' ಎಂಬ ಸಂಪರ್ಕ ಉಪಗ್ರಹವನ್ನು ಇದೇ ಊರಿನಲ್ಲಿ ಎತ್ತಿನ ಗಾಡಿಯ ಮೇಲೆ ಕೂರಿಸಿದ ಫೋಟೊ ಇದೆಯಲ್ಲ, ಅದನ್ನು ನೋಡಿ ಬಡತನ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಆಂಟೆನಾ ಪರೀಕ್ಷೆಗೆ ಕಬ್ಬಿಣದ ಲಾರಿ ಅಡ್ಡಿಯಾಗುತ್ತಿತ್ತು, ಮರದ ಗಾಡಿ ಆಗುತ್ತಿರಲಿಲ್ಲ. ಎತ್ತಿನ ಗಾಡಿಗೆ ವಿಜ್ಞಾನದ ಕಾರಣವಿತ್ತು. ಟ್ರ್ಯಾಕ್ಟರಿಗೆ ಏನಿದೆ ಎಂದು ಹುಡುಕುತ್ತಿದ್ದೇನೆ.

ಒಂದೇ ಒಂದು ಕಡೆ ನಮಗಿಂತ ಪಾಪದವರಿದ್ದಾರೆ. ಪರಪ್ಪನ ಅಗ್ರಹಾರದ ಜೈಲಿನ ಸುತ್ತಮುತ್ತಲಿನವರು. ಒಳಗಿನವರು ಫೋನ್ ಬಳಸಬಾರದೆಂದು ಜಾಮರ್ ಹಾಕಿದರೆ, ಹೊರಗಿನವರಿಗೆ ಸಿಗ್ನಲ್ ಹೋಯಿತು ಎಂದು ಅಲ್ಲಿನ ಜನ 2024ರಲ್ಲಿ ಗೋಳಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಒಳಗಿನಿಂದ ವಿಡಿಯೊ ಕಾಲ್ ಹೊರಬಂದು ಊರೆಲ್ಲ ನೋಡಿತು. ನಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ ಒಬ್ಬರು 'ಒಳಗೆ ಬಾಡಿಗೆಗೆ ಸಿಗುತ್ತಾ' ಎಂದು ಬರೆದಿದ್ದರು. ಆ ಮೆಸೇಜ್ ನನಗೆ ತಲುಪಿದ್ದು ಮೂರು ದಿನದ ಮೇಲೆ.

ಭಾವ ನಾಲ್ಕು ದಿನ ಇದ್ದರು. ಎರಡನೇ ದಿನಕ್ಕೆ ಟೆರೇಸಿನ ಮರ್ಮ ನನಗಿಂತ ಚೆನ್ನಾಗಿ ತಿಳಿದುಕೊಂಡರು. ಗುಡ್ಡ ಹತ್ತಿದ ಅನುಭವ. "ಗಾಳಿ ಬರೋ ಕಡೆ ಅಲ್ಲ, ತೆರಪು ಇರೋ ಕಡೆ ತಿರುಗ್ಬೇಕು ಮಾರಾಯ" ಎಂದು ಲುಂಗಿ ಹುಡುಗನಿಗೆ ಪಾಠ ಮಾಡಿದರು. ಅವನ ಮೀಟಿಂಗಿನಲ್ಲಿ ಅಂದು ಮೊದಲ ಸಲ ಅವನ ಮುಖ ಅಲುಗಾಡಿತಂತೆ. ಹೊರಡುವಾಗ ಅಜ್ಜಿ ಭಾವನಿಗೆ ಕುಂಕುಮದ ಬದಲು ಒಂದು ಡಬ್ಬಿ ಕೋಡುಬಳೆ ಕೊಟ್ಟರು.

"ಮುಟ್ಟಿದ ತಕ್ಷಣ ಫೋನ್ ಮಾಡಿ ಭಾವ" ಎಂದೆ ಬಸ್ ಹತ್ತಿಸುವಾಗ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಸೀಟಿಗೆ ಹೋದರು.

ಮಾರನೆಯ ದಿನ ಫೋನ್ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ತುಮರಿ ಕಡೆಯ ಒಬ್ಬ ಹುಡುಗ, ಇಲ್ಲೇ ಕೆ.ಆರ್. ಪುರದಲ್ಲಿ ಕೆಲಸವಂತೆ, ರಾತ್ರಿ ಬಸ್ಸಿಗೆ ಬಂದವನು. ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೈಗಿಟ್ಟ. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಚೀಟಿ ಸುತ್ತಿತ್ತು.

'ಆರಾಮಾಗಿ ಮುಟ್ಟಿದೆ. ಅಂಗಳದಲ್ಲೇ ನಿಂತು ಆರು ಸಲ ಫೋನ್ ಮಾಡಿದೆ. ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯಂತೆ. ಉಪ್ಪಿನಕಾಯಿ ಬಿಸಿಲಿಗಿಡು, ಹೇಗೂ ಟೆರೇಸಿಗೆ ಹೋಗ್ತೀಯಲ್ಲ.'